ಕೂಸಿನ ಅಂಚು

ಚಿತ್ರಗಳು ಬೆಳಿಗ್ಗೆ ಬರುತ್ತವೆ. ನಾನು ಆಫೀಸಿಗೆ ಬಂದು ಬ್ಯಾಗು ಇಳಿಸುವ ಹೊತ್ತಿಗೆ, ಭೂಮಿಯನ್ನು ಸುತ್ತುತ್ತಿರುವ ಬಾಹ್ಯಾಕಾಶ ನಿಲ್ದಾಣದಿಂದ ಅವು ಇಳಿದು ನನ್ನ ಕಂಪ್ಯೂಟರಿನಲ್ಲಿ ಸಾಲಾಗಿ ಕಾದಿರುತ್ತವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ್ನು ನೋಡುತ್ತ ಕೂತು ಚಹಾ ಆರಿಹೋಗುತ್ತಿತ್ತು. ಈಚೆಗೆ ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಕುರ್ಚಿಯ ಎತ್ತರ ಸರಿಮಾಡಿ, ಸರಿಯಾಗಿದ್ದುದನ್ನೇ ಮತ್ತೊಮ್ಮೆ ಸರಿಮಾಡಿ, ಆಮೇಲೆ ಮೊದಲನೆಯದನ್ನು ತೆರೆಯುತ್ತೇನೆ. ತೆಗೆದವರು ಯಾರು ಎಂದು ನೋಡುತ್ತೇನೆ. ಅಲ್ಲಿ ಮೇಲಿರುವ ನನ್ನ ಚಿಕ್ಕಮ್ಮನದಾದರೆ ಕುರ್ಚಿಯನ್ನು ಇನ್ನೊಮ್ಮೆ ಸರಿಮಾಡುತ್ತೇನೆ.

ನಮ್ಮ ವಿಭಾಗಕ್ಕೆ ಆಫೀಸಿನಲ್ಲಿ ದ್ವೀಪಗಳ ಮೇಜು ಎನ್ನುತ್ತಾರೆ. ಸಮುದ್ರದ ನಡುವೆ ಬೆಂಕಿ ಉಗುಳಿ ಹುಟ್ಟಿದ ದ್ವೀಪಗಳು ಮಾತ್ರ ನಮ್ಮ ಪಾಲಿಗೆ. ನಾಳೆ ನಿಲ್ದಾಣ ಯಾವುದರ ಮೇಲೆ ಹಾದುಹೋಗುತ್ತದೆ, ಯಾವಾಗ ಕಿಟಕಿಗೆ ಕ್ಯಾಮೆರಾ ಹಿಡಿಯಬೇಕು ಎಂದು ಮೇಲಿನವರಿಗೆ ಬರೆದು ಕಳಿಸುವುದು ಒಂದು ಕೆಲಸ. ಅವರು ತೆಗೆದದ್ದು ಯಾವ ದ್ವೀಪ, ಉತ್ತರ ಎತ್ತ, ಮೋಡ ಎಷ್ಟು ಎಂದು ಗುರುತಿಸಿ ಜೋಡಿಸುವುದು ಇನ್ನೊಂದು. ದ್ವೀಪಗಳ ನಿಜವಾದ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳುವುದಿಲ್ಲ. ಹಾಗಾಗಿ ಮೇಜಿನ ಸುತ್ತ ಬೇರೆ ಹೆಸರುಗಳು ಓಡಾಡುತ್ತವೆ. ನಡುವೆ ದೊಡ್ಡ ಕುಳಿ ಇರುವುದು ಬಾಣಲೆ. ಒಂದು ಕಡೆ ಕುಸಿದು ಸಮುದ್ರ ಒಳಗೆ ನುಗ್ಗಿರುವ ಉಂಗುರದಂಥದ್ದು ಮುರಿದ ಬಳೆ. ಮುರಿದ ಬಳೆಯ ಪಕ್ಕದಲ್ಲೇ ಈ ವರ್ಷ ನೀರು ಕುದಿದು, ಹೊಗೆಯೆದ್ದು, ಕಪ್ಪು ಬೂದಿಯ ಒಂದು ಹೊಸ ದಿಬ್ಬ ತಲೆ ಎತ್ತಿತು. ಅದು ಕೂಸು.

ಕೂಸು ಬೆಳೆಯುತ್ತಿದೆಯೋ, ಅಲೆಗಳು ಅದನ್ನು ತಿಂದುಹಾಕುತ್ತಿವೆಯೋ ಎಂದು ತಿಳಿಯಬೇಕಾದರೆ ಅದರ ಅಂಚು ಗೆರೆ ಎಳೆದ ಹಾಗೆ ಕಾಣಬೇಕು. ಅಂಚು ಮಸುಕಾದ ಚಿತ್ರ ನಮಗೆ ಬೇಡ. ಅದು ಕಸದ ಫೋಲ್ಡರಿಗೆ ಹೋಗುತ್ತದೆ. ಆ ಫೋಲ್ಡರನ್ನು ತುಂಬುವವಳು ನಾನು. ಅದನ್ನು ತೆರೆದು ನೋಡುವವರು ಯಾರೂ ಇಲ್ಲ.

ಈಗ ಕೆಲವು ವಾರಗಳಿಂದ ಅದರಲ್ಲಿ ಬೀಳುತ್ತಿರುವುದೆಲ್ಲ ಚಿಕ್ಕಮ್ಮನ ಕೂಸುಗಳೇ.

ಅಮ್ಮನ ತಂಗಿ ಗಗನಯಾತ್ರಿ ಎಂಬುದನ್ನು ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೂ ಸೇರಿದ ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ನನ್ನ ಮೇಲಿನ ಅಧಿಕಾರಿ, ಯಾವ ಚಿತ್ರವನ್ನಾದರೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುವುದರಿಂದ ಎಲ್ಲರ ಬಾಯಲ್ಲಿ ಭೂತಗನ್ನಡಿ ಆಗಿರುವ ಮನುಷ್ಯ, ಆ ದಿನ ನನ್ನನ್ನು ಪರಿಚಯಿಸಿದ್ದೇ ಹೀಗೆ: "ಪರೀಕ್ಷೆ ಬರೆದೇ ಬಂದಿದ್ದಾಳೆ, ಗಲಾಟೆ ಬೇಡ. ಆದ್ರೆ ಇವಳ ಕಡೆಯವರು ಎಷ್ಟು ಮೇಲಿದ್ದಾರೆ ಅಂದ್ರೆ, ಅಲ್ಲಿ ಗಾಳಿ ಕೂಡ ಇಲ್ಲ." ಎಲ್ಲರೂ ನಕ್ಕರು. ನಾನು ನೆಲ ನೋಡುತ್ತ ನಿಂತಿದ್ದೆ.

ಅವರಿಗೂ ಈಚೆಗೆ ಏನೋ ವಾಸನೆ ಬಡಿದಿತ್ತು.

"ಏನಮ್ಮಾ, ಈ ವಾರ ಕೂಸಿನ ಚಿತ್ರಗಳು ಕಮ್ಮಿ ಇವೆಯಲ್ಲ?"

"ಮೋಡ ಇತ್ತು ಸಾರ್."

"ಮೋಡ ಇತ್ತಾ? ಉಪಗ್ರಹದ ಚಿತ್ರದಲ್ಲಿ ಆಕಾಶ ಕನ್ನಡಿ ಥರ ಇತ್ತಲ್ಲ."

"ಕಿಟಕಿ ಗಾಜು ಕೊಳೆ ಆಗಿರಬಹುದು."

"ಆಗಿರಬಹುದು, ಆಗಿರಬಹುದು. ಉದ್ದಣ್ಣ ದಿನಾ ಅದಕ್ಕೆ ಮೂಗು ಒತ್ತಿಕೊಂಡು ನಿಂತಿರ್ತಾನಂತೆ." ಉದ್ದಣ್ಣ ಎಂದರೆ ಚಿಕ್ಕಮ್ಮನ ಜೊತೆ ಮೇಲಿರುವ ಎತ್ತರದ ಗಗನಯಾತ್ರಿ. ಭೂತಗನ್ನಡಿ ನಗುತ್ತ ಹೋದರು.

ಗಾಜಿನ ತಪ್ಪಲ್ಲವೆಂದು ನನಗೆ ಗೊತ್ತಿತ್ತು. ಅದೇ ಕಿಟಕಿ, ಅದೇ ಉದ್ದ ಲೆನ್ಸ್, ಅದೇ ಸುತ್ತು. ಉದ್ದಣ್ಣ ತೆಗೆದದ್ದರಲ್ಲಿ ಕೂಸಿನ ದಡದ ನೊರೆ ಕೂಡ ಎಳೆಎಳೆಯಾಗಿ ಕಾಣುತ್ತದೆ. ಚಿಕ್ಕಮ್ಮ ತೆಗೆದದ್ದರಲ್ಲಿ ಕೂಸು ನೀರಿಗೆ ಬಿದ್ದ ಮಸಿಯ ಹನಿ. ನಿಲ್ದಾಣದಲ್ಲಿ ಫೋಕಸನ್ನು ಕ್ಯಾಮೆರಾಕ್ಕೆ ಬಿಡುವುದಿಲ್ಲ, ಬಿಟ್ಟರೆ ಅದು ದ್ವೀಪ ಬಿಟ್ಟು ಗಾಜಿನ ಗೀರನ್ನು ಹಿಡಿದುಕೊಳ್ಳುತ್ತದೆ. ಕ್ಯಾಮೆರಾದೊಳಗೆ ಕಣ್ಣಿಟ್ಟು ಕೈಯಲ್ಲೇ ತಿರುಗಿಸಬೇಕು. ಚಿಕ್ಕಮ್ಮನ ಕೈ ನಡುಗುವ ಕೈಯಲ್ಲ. ಉಳಿದದ್ದು ಕಣ್ಣು.

ಇದನ್ನು ಯಾರಿಗಾದರೂ ಹೇಳಬೇಕಾದರೆ ಇನ್ನೊಂದು ವಿಷಯವನ್ನೂ ಹೇಳಬೇಕು. ಎರಡು ವಾರ ಕಳೆದರೆ ಚಿಕ್ಕಮ್ಮ ನಿಲ್ದಾಣದ ಹೊರಗೆ ಹೋಗುವವಳಿದ್ದಳು. ಉಡುಪು ತೊಟ್ಟು, ಬಾಗಿಲು ತೆರೆದು, ಕೆಳಗೆ ಏನೂ ಇಲ್ಲದ ಕಡೆಗೆ. ನಮ್ಮ ಮನೆಯಲ್ಲಿ ಅದಕ್ಕೆ ದೊಡ್ಡ ಹೆಸರಿಲ್ಲ, "ಹೊರಗೆ ಹೋಗೋದು" ಅಷ್ಟೇ. ಹಿಂದಿನ ಸಲ ಮೇಲೆ ಹೋದಾಗ ಅವಳ ಅಳತೆಯ ಉಡುಪು ಸಿದ್ಧವಿರಲಿಲ್ಲವೆಂದು ಬೇರೊಬ್ಬರನ್ನು ಕಳಿಸಿದರು. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಅವಳು ಅದಕ್ಕಾಗಿ ಈಜುಕೊಳದ ತಳದಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಆ ಉಡುಪಿನ ಬಿಗಿ ಕೈಗವಸಿಗೆ ಅವಳ ಬೆರಳ ಉಗುರು ಕಪ್ಪಾಗಿ ಉದುರಿದ್ದನ್ನು ನಾನೇ ನೋಡಿದ್ದೇನೆ. ಅವಳ ವಯಸ್ಸಿನವರನ್ನು ಮತ್ತೆ ಮೇಲೆ ಕಳಿಸುವುದಿಲ್ಲ. ಕಣ್ಣಿನ ಮಾತು ಡಾಕ್ಟರ ಕಿವಿಗೆ ಬಿದ್ದರೆ ಈ ಸಲವೂ ಬಾಗಿಲು ಅವಳಿಗೆ ತೆರೆಯುವುದಿಲ್ಲ.

ಭಾನುವಾರ ಅವಳು ಮನೆಯವರೊಂದಿಗೆ ಮಾತಾಡುವ ದಿನ. ಅಜ್ಜಿಯ ಕೋಣೆಯಲ್ಲಿ ನೀರಿನ ಹೂಜಿಗೆ ಟ್ಯಾಬ್ಲೆಟ್ ಒರಗಿಸಿಟ್ಟು ಅಮ್ಮ, ಅಜ್ಜಿ, ನಾನು ಮಂಚದ ಮೇಲೆ ಒತ್ತಿಕೊಂಡು ಕೂತೆವು. ಪರದೆಯಲ್ಲಿ ಚಿಕ್ಕಮ್ಮನ ಮುಖ ಬಂತು. ಕೂದಲು ನಾಲ್ಕು ದಿಕ್ಕಿಗೂ ನಿಂತಿತ್ತು.

"ಬಾಚ್ಕೋಬಾರದೇನೇ? ದೆವ್ವ ಮೆಟ್ಟಿದೋರ ಹಾಗಿದ್ದೀಯ!" ಅಜ್ಜಿ ಕೂಗಿದಳು. ಅಷ್ಟು ದೂರಕ್ಕೆ ಕೇಳಬೇಕಲ್ಲ ಎಂದು ಅವಳು ಪ್ರತಿ ಸಲ ಕೂಗಿಯೇ ಮಾತಾಡುವುದು.

"ಬಾಚಿದ್ರೂ ಎದ್ದು ನಿಲ್ಲುತ್ತಮ್ಮ. ಇಲ್ಲಿ ಯಾವುದೂ ಹೇಳಿದ ಮಾತು ಕೇಳಲ್ಲ."

"ನಿನ್ನ ಬುದ್ಧಿಯೇ ಅವಕ್ಕೂ ಬಂದಿದೆ," ಅಮ್ಮ ಅಂದಳು.

"ಅಕ್ಕಾ, ನೀನು ಸುಮ್ನಿರು. ಆ ಗುಮ್ಮ ಎಲ್ಲಿ? ಬಂದಿದೆಯಾ?"

ಗುಮ್ಮ ನಾನು. ಗುಮ್ಮನ ಹಾಗೆ ಮೂಲೆಯಲ್ಲಿ ಕೂರುತ್ತೇನೆಂದು ಅವಳಿಟ್ಟ ಹೆಸರು. ನಾನು ಕೈ ಎತ್ತಿದೆ.

ಅಷ್ಟರಲ್ಲಿ ಅಜ್ಜಿ ದಿಂಬಿನ ಕೆಳಗಿಂದ ಒಂದು ಮಾತ್ರೆಪಟ್ಟಿ ಎಳೆದು ಪರದೆಗೆ ಅಂಟಿಸುವಂತೆ ಹಿಡಿದಳು. "ನೋಡೇ, ಇದು ಊಟಕ್ಕೆ ಮೊದಲೋ ಆಮೇಲೋ? ನನ್ನ ಕನ್ನಡಕ ಸಿಗ್ತಿಲ್ಲ. ನಿನ್ನ ಅಕ್ಕನ್ನ ಕೇಳಿದ್ರೆ ಆಮೇಲೆ, ಆಮೇಲೆ ಅಂತಾಳೆ. ಆಮೇಲೆ ಅಂದಿದ್ದು ಮಾತ್ರೆಗೋ, ನನ್ನ ಪ್ರಶ್ನೆಗೋ, ಗೊತ್ತಾಗಲ್ಲ. ನೀನೇ ಓದು."

"ಅಮ್ಮಾ! ನಾನೆಲ್ಲಿದ್ದೀನಿ ಗೊತ್ತಾ ನಿನಗೆ?"

"ಎಲ್ಲಿದ್ರೇನು, ಓದಿದ ಹುಡುಗಿ ಅಲ್ವಾ ನೀನು."

ಅಮ್ಮ ನಕ್ಕು ನಕ್ಕು ಬಾಗಿದ್ದಳು. ನಾನು ಚಿಕ್ಕಮ್ಮನ ಕೈ ನೋಡುತ್ತಿದ್ದೆ. ಅವಳು ಎದುರಿಗಿದ್ದ ಪರದೆಯನ್ನು ಮೊದಲು ಮೊಣಕೈಯಷ್ಟು ದೂರ ತಳ್ಳಿದಳು. ಮತ್ತೆ ತೋಳುದ್ದಕ್ಕೆ. ಆಮೇಲೆ ಮುಖವನ್ನೂ ಹಿಂದಕ್ಕೆಳೆದುಕೊಂಡಳು.

"ಅಕ್ಕನೇ ಓದ್ತಾಳೆ ಬಿಡಮ್ಮ," ಅಂದಳು.

ಅಜ್ಜಿಗೆ ನಿದ್ದೆ ಬಂದು, ಅಮ್ಮ ಹಾಲು ಬಿಸಿಮಾಡಲು ಎದ್ದ ಮೇಲೆ, ನಾನು ಟ್ಯಾಬ್ಲೆಟ್ ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಬಂದು ಕೂತೆ. ಹೇಳಬೇಕೆಂದುಕೊಂಡ ವಾಕ್ಯವನ್ನು ಮನಸ್ಸಿನಲ್ಲಿ ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೆ. ಬಾಯಿಗೆ ಬಂದದ್ದು ಬೇರೆಯದೇ.

"ಹತ್ತಿರದ್ದು ಕಾಣಿಸ್ತಿಲ್ಲ ಅಲ್ವಾ ಚಿಕ್ಕಮ್ಮ?"

ಪರದೆಯಲ್ಲಿ ಅವಳ ಕೂದಲು ಮಾತ್ರ ಅಲುಗುತ್ತಿತ್ತು.

"ಯಾರು ಹೇಳಿದ್ದು?"

"ಕೂಸು."

"ಅಯ್ಯೋ, ಅದಕ್ಕಿನ್ನೂ ಹಲ್ಲೇ ಬಂದಿಲ್ಲ, ಆಗಲೇ ಚಾಡಿ ಹೇಳೋಕೆ ಕಲಿತುಬಿಡ್ತಾ?" ನಕ್ಕಳು. ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು. "ದೂರದ್ದು ಹದ್ದಿಗೆ ಕಂಡ ಹಾಗೆ ಕಾಣುತ್ತೆ ಕಣೇ. ಬರಿಗಣ್ಣಲ್ಲಿ ಮುರಿದ ಬಳೆ ನೋಡಿದ್ರೆ ಅದರ ಬಿರುಕು ಎಣಿಸ್ತೀನಿ. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಮಂಜು. ತೂಕ ಇಲ್ಲದ ಕಡೆ ಮೈನೀರೆಲ್ಲ ತಲೆಗೆ ಏರುತ್ತಲ್ಲ, ಕೆಲವರಿಗೆ ಹಾಗಾಗುತ್ತೆ."

"ಡಾಕ್ಟರ್ ಪರೀಕ್ಷೆ ಮಾಡಲ್ವಾ?"

"ಮಾಡ್ತಾರೆ. ಆ ಅಕ್ಷರದ ಪಟ್ಟಿ ನನಗೆ ಬಾಯಿಪಾಠ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತೀನಿ. ಕಣ್ಣಿನ ಒಳಗೆ ನೋಡೋ ದೊಡ್ಡ ಸ್ಕ್ಯಾನ್ ಇರೋದು ಹೊರಗೆ ಹೋಗಿ ಬಂದಮೇಲೆ. ಆಗ ನಾನೇ ಹೇಳ್ತೀನಿ. ಎರಡು ವಾರ, ಅಷ್ಟೇ. ನೀನು ಬಾಯಿ ಬಿಡಬೇಡ. ನಿನಗೇನು, ಮಾತಾಡದೇ ಇರೋದು ಕಷ್ಟದ ಕೆಲಸವಾ?"

ಅದು ತಮಾಷೆ. ಆದರೆ ಅದರಲ್ಲೊಂದು ಮುಳ್ಳಿತ್ತು, ಅವಳಿಗೂ ಗೊತ್ತಿತ್ತು. ನಾನು ಆಗಲಿ ಎಂಬಂತೆ ತಲೆಯಾಡಿಸಿದೆ.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಫೀಸಿನ ಕಾರಿಡಾರಿನಲ್ಲಿ ನೀರು ಕುಡಿಯುವ ನೆಪದಲ್ಲಿ ನಡೆದೆ. ಮನೆಯಲ್ಲಿ ಒಗೆದ ಬಟ್ಟೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ನಿಂತಲ್ಲಿ ನಿಲ್ಲಲ್ವಲ್ಲ," ಎಂದಳು ಅಮ್ಮ. ಅವಳಿಗೆ ಹೇಳುವಂತಿರಲಿಲ್ಲ. ಅಮ್ಮನ ಕಿವಿಗೆ ಬಿದ್ದದ್ದು ಅಜ್ಜಿಯ ಕಿವಿಗೆ ಬೀಳಲು ಒಂದು ಲೋಟ ಹಾಲು ಕಾಯುವಷ್ಟು ಹೊತ್ತು ಸಾಕು. ದಿನಚರಿ ತೆರೆದರೆ ಹವಾಮಾನ ಬರೆದು ಮುಚ್ಚುತ್ತಿದ್ದೆ.

ಬುಧವಾರ ಭೂತಗನ್ನಡಿ ಬಂದು ನನ್ನ ಮೇಜಿಗೆ ಒರಗಿದರು. "ಕೂಸಿನ ಒಂದು ಮಗ್ಗುಲು ಕುಸಿದಿರಬಹುದು ಅಂತ ಸಂಶೋಧಕರಿಗೆ ಅನುಮಾನ. ನಾಳೆ ಬೆಳಕು ಚೆನ್ನಾಗಿ ಬೀಳುತ್ತೆ. ನಿಮ್ಮ ಚಿಕ್ಕಮ್ಮನಿಗೆ ಬರಿ, ಅವರ ಕೈ ಪಳಗಿದ ಕೈ."

"ಉದ್ದಣ್ಣನಿಗೆ ಬರೀತೀನಿ ಸಾರ್."

"ಯಾಕೆ?"

"ಚಿಕ್ಕಮ್ಮನಿಗೆ ಆ ಹೊತ್ತು ಬೇರೆ ಕೆಲಸ ಇದೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನಾನು ಚಿಕ್ಕಮ್ಮನ ಕಣ್ಣಿಗೆ ಕಾಣದ್ದನ್ನೆಲ್ಲ ಅವಳ ದಾರಿಯಿಂದ ಎತ್ತಿಡುತ್ತಿದ್ದೆ. ಮಸುಕಾದದ್ದನ್ನು ಕಸಕ್ಕೆ ಹಾಕಿ, ಕಷ್ಟದ್ದನ್ನು ಉದ್ದಣ್ಣನಿಗೆ ಕೊಟ್ಟು. ಇಲ್ಲಿ ಸರಿ. ಹೊರಗೆ ಹೋದಾಗ ಯಾರು ಎತ್ತಿಡುತ್ತಾರೆ? ಹಿಂದೆ ಯಾರೋ ಹೊರಗೆ ಹೋಗಿದ್ದಾಗಿನ ವಿಡಿಯೋ ಹಾಕಿ ನೋಡಿದೆ. ಉಡುಪಿನ ಮಣಿಕಟ್ಟಿಗೆ ಅಂಗೈಯಗಲದ ಪುಟಗಳ ಕಟ್ಟು ಕಟ್ಟಿರುತ್ತಾರೆ. ಆಮ್ಲಜನಕ ಸೋರಿದರೆ ಯಾವ ಗುಂಡಿ, ಮೊದಲು ಯಾವುದು, ಆಮೇಲೆ ಯಾವುದು ಎಂದೆಲ್ಲ ಅದರಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದು ಮುಖದಿಂದ ಒಂದು ಗೇಣು ದೂರ. ಆ ಉಡುಪಿನಲ್ಲಿ ತೋಳು ನೀಳವಾಗಿ ಚಾಚಿ ಓದುವುದು ಸಾಧ್ಯವಿಲ್ಲ. ಅವಳ ಜೊತೆಗೆ ಹೊರಗೆ ಇನ್ನೊಬ್ಬ ಮನುಷ್ಯನೂ ಇರುತ್ತಾನೆ, ಅವಳು ತಪ್ಪಿದರೆ ಅವನ ಜೀವಕ್ಕೂ ಕುತ್ತು.

ಮೇಲಿನವರಿಗೆ ನಾವು ಕರೆ ಮಾಡಲಾಗುವುದಿಲ್ಲ. ಅವರೇ ಮಾಡಬೇಕು. ಗುರುವಾರ ಪೂರ್ತಿ ಫೋನನ್ನು ಅಂಗೈಯಲ್ಲೇ ಇಟ್ಟುಕೊಂಡು ಓಡಾಡಿದೆ. ಮಧ್ಯಾಹ್ನ ಬಂತು. ಕಾರಿಡಾರಿನ ಕೊನೆಯಲ್ಲಿ, ಪೊರಕೆ ಬಕೆಟ್ಟುಗಳ ಪಕ್ಕದಲ್ಲಿ ನಿಂತುಕೊಂಡೆ.

"ಗುಮ್ಮಾ, ಕಿಟಕಿ ಹತ್ರ ಇದ್ದೀನಿ. ಬಾಣಲೆ ಬರ್ತಿದೆ ನೋಡು, ಒಳಗೆ ಮೋಡ ಹಾಕಿ ಕದಡ್ತಿದ್ದಾರೆ ಯಾರೋ. ಕೂಸಿಗೆ ಹೇಳಿ ಕಳಿಸೋದೇನಾದ್ರೂ ಇದೆಯಾ?"

"ಚಿಕ್ಕಮ್ಮ, ನಿನ್ನ ಮಣಿಕಟ್ಟಿನ ಪುಟ ಓದೋಕಾಗುತ್ತಾ?"

ಅತ್ತ ಕ್ಯಾಮೆರಾ ಯಾವುದಕ್ಕೋ ತಾಗಿದ ಸದ್ದು ಬಂತು.

"ಅದೆಲ್ಲ ನನಗೆ ಬಾಯಿಗೆ ಬರುತ್ತೆ."

"ಓದೋಕೆ ಆಗುತ್ತಾ ಅಂತ ಕೇಳಿದೆ."

"ವಕೀಲಿಕೆ ಯಾವಾಗ ಕಲಿತೆ ನೀನು?"

"ನಾಳೆ ಡಾಕ್ಟರ್ ಹತ್ರ ಹೋಗ್ತೀನಿ." ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಅಷ್ಟರೊಳಗೆ ನೀನೇ ಹೇಳಿಬಿಡು. ನೀನು ಹೇಳಿದ್ರೆ ನಾನು ಹೇಳಬೇಕಾಗಿಲ್ಲ."

"ಏನು, ಗಡುವು ಕೊಡ್ತಿದ್ದೀಯಾ? ನನಗೆ? ಸೈಕಲ್ ಕಲಿಸಿದವಳು ನಾನು ನಿನಗೆ. ಬಿದ್ದು ಮಂಡಿ ಒಡ್ಕೊಂಡಾಗ ಅಮ್ಮನಿಗೆ ಹೇಳ್ಬೇಡ ಅಂತ ನೀನಂದೆ, ನಾನು ಹೇಳಿದ್ನಾ? ಇಷ್ಟು ವರ್ಷ, ಇಷ್ಟು ವರ್ಷ ಕಾದಿದ್ದೀನಿ ಕಣೇ ನಾನು, ನಿನಗೇನು ಗೊತ್ತು—"

ಅಲ್ಲಿಗೆ ದನಿ ಕಡಿಯಿತು. ನಿಲ್ದಾಣ ಸಿಗ್ನಲ್ ಸಿಗದ ಜಾಗಕ್ಕೆ ಜಾರಿತ್ತು. ಅವಳು ಇನ್ನೂ ಮಾತಾಡುತ್ತಲೇ ಇದ್ದಳೋ ಏನೋ.

ಮರುದಿನ ಕಸದ ಫೋಲ್ಡರಿನಿಂದ ಒಂದಷ್ಟು ಚಿತ್ರ ತೆಗೆದು ಪ್ರಿಂಟ್ ಹಾಕಿಸಿಕೊಂಡೆ, ಅವುಗಳ ಜೊತೆಗೆ ಉದ್ದಣ್ಣನವನ್ನು ಕೂಡ. ಗಗನಯಾತ್ರಿಗಳ ಡಾಕ್ಟರ್ ಕೂರುವುದು ಪಕ್ಕದ ಕಟ್ಟಡದಲ್ಲಿ. ಬಾಗಿಲ ಹೊರಗೆ ಮೂರು ಕುರ್ಚಿಗಳಿದ್ದವು. ಒಂದೊಂದರಲ್ಲೂ ಸ್ವಲ್ಪ ಹೊತ್ತು ಕೂತೆ. ಒಳಗಿಂದ ಕರೆ ಬರುವ ಮೊದಲು ಎದ್ದು ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಕನ್ನಡಕ ಹಣೆಯ ಮೇಲಿತ್ತು. "ಹೇಳಮ್ಮ," ಎಂದರು. ಚಿತ್ರಗಳನ್ನು ಮೇಜಿನ ಮೇಲೆ ಜೋಡಿಜೋಡಿಯಾಗಿ ಇಟ್ಟೆ.

"ಇದ್ಯಾವುದು?"

"ಕೂಸು. ಹೊಸ ದ್ವೀಪ."

"ಇದು?"

"ಅದೂ ಕೂಸೇ. ಅದೇ ದಿನದ್ದು, ಅದೇ ಕಿಟಕಿ, ಲೆನ್ಸೂ ಅದೇ. ತೆಗೆದವರು ಬೇರೆ."

ಅವರು ಕನ್ನಡಕ ಇಳಿಸಿಕೊಂಡು ಒಂದೊಂದನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನೀವು ಅವರ ಅಕ್ಕನ ಮಗಳಲ್ವಾ?"

"ಹೌದು."

"ನೀವು ಬಂದಿರೋದು ಅವರಿಗೆ ಗೊತ್ತಾ?"

"ಹೇಳಿದ್ದೀನಿ."

ಡಾಕ್ಟರ್ ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆಯಿಂದ ಎರಡು ಸಲ ಕರೆ ಮಾಡಿದ್ರು. ಎರಡು ಸಲವೂ ಇಲ್ಲಿ ಬಿಸಿಲು ಹೇಗಿದೆ ಅಂತ ಕೇಳಿ ಇಟ್ಟುಬಿಟ್ರು. ಇವರಿಗ್ಯಾಕೆ ನಮ್ಮ ಬಿಸಿಲು ಅಂತ ಅಂದುಕೊಂಡೆ."

ಅಳು ಬಂತು. ಅಳುವ ಜಾಗವಲ್ಲ ಅದು. ನಾನು ಮೇಜಿನ ಅಂಚನ್ನು ನೋಡುತ್ತ ಕೂತೆ.

ಸ್ಕ್ಯಾನನ್ನು ಮುಂಚಿತವಾಗಿ ಆ ವಾರಾಂತ್ಯದಲ್ಲೇ ಮಾಡಿದರು. ಕಣ್ಣಿನ ಹಿಂಭಾಗದ ನರ ಊದಿಕೊಂಡಿತ್ತು. ಕೆಳಗೆ ಬಂದಮೇಲೆ ಕಡಿಮೆಯಾಗಬಹುದು, ನೋಡಬೇಕು ಎಂದರು. ಓದಲು ಕನ್ನಡಕ ಕೊಟ್ಟರು. ಅದು ನಿಲ್ದಾಣದಲ್ಲೇ ಒಂದು ಡಬ್ಬಿಯಲ್ಲಿ ಇತ್ತಂತೆ. ಅವಳ ಬದಲು ಹೊರಗೆ ಹೋಗುವ ಕೆಲಸ ಉದ್ದಣ್ಣನ ಪಾಲಾಯಿತು.

ಮನೆಗೆ ಸುದ್ದಿ ಬಂದಾಗ ಅಮ್ಮ ಒಗೆಯಲು ಬಟ್ಟೆ ನೆನೆಸುತ್ತಿದ್ದಳು. ನನ್ನ ಕಡೆ ತಿರುಗಿ, "ನೀನಾ?" ಎಂದಳು. ಹೂಂ ಎಂದೆ. ಅವಳು ಬೈಯಲಿಲ್ಲ. ಒಂದು ಅಂಗಿಯನ್ನು ಹಿಂಡಿ, ಅದು ಒಗೆದೇ ಇಲ್ಲವೆಂದು ಆಮೇಲೆ ನೋಡಿ, ಮತ್ತೆ ನೀರಿಗೆ ಹಾಕಿದಳು. "ಅವಳಿಗೆ ಅದೊಂದೇ ಆಸೆ ಇತ್ತು," ಎಂದಳಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಉದ್ದಣ್ಣ ಹೊರಗೆ ಹೋದ ದಿನ ಆಫೀಸಿನವರೆಲ್ಲ ದೊಡ್ಡ ಪರದೆಯ ಮುಂದೆ ಸೇರಿದ್ದರು. ನಾನು ಬಾಗಿಲಲ್ಲಿ ನಿಂತೆ, ಹೊರಗೆ ಹೋದೆ, ಮತ್ತೆ ಬಂದು ನಿಂತೆ. ಬಿಳಿಯ ಉಡುಪೊಂದು ಕೆಳಗಿನ ನೀಲಿಯ ಮೇಲೆ ಮೆಲ್ಲಗೆ ತಿರುಗುತ್ತಿತ್ತು. ಭೂತಗನ್ನಡಿ ನನ್ನ ಪಕ್ಕಕ್ಕೆ ಬಂದು, ತಮಾಷೆ ಮಾಡದೆ, ಒಂದು ಲೋಟ ಚಹಾ ಕೈಗಿಟ್ಟು ಹೋದರು. ಡಾಕ್ಟರ ಬಾಯಿಂದ ಎಲ್ಲವನ್ನೂ ಕೇಳಿರಬೇಕು. ಮೋಡದ ಮಾತನ್ನು ಅವರು ಇವತ್ತಿನವರೆಗೂ ಎತ್ತಿಲ್ಲ.

ಆ ಭಾನುವಾರ ಟ್ಯಾಬ್ಲೆಟ್ ಹೂಜಿಗೆ ಒರಗಿ ಸುಮ್ಮನೆ ಕೂತಿತ್ತು. ಕರೆ ಬರಲಿಲ್ಲ. "ಎಲ್ಲಾದ್ರೂ ಸುತ್ತೋಕೆ ಹೋಗಿರ್ತಾಳೆ," ಎಂದಳು ಅಜ್ಜಿ.

ಅದರ ಮುಂದಿನ ಭಾನುವಾರ ಕರೆ ಬಂತು, ಬರೀ ದನಿ. ಅಜ್ಜಿಯ ಹತ್ತಿರ ಮಾತ್ರೆಯ ಮಾತಾಯಿತು. ಅಮ್ಮನ ಹತ್ತಿರ ಅದೂ ಇದೂ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಮ್ಮ ಫೋನನ್ನು ನನ್ನ ಕಡೆ ಚಾಚಿದಳು. "ನಿನಗಂತೆ."

"ಹಲೋ," ಎಂದೆ.

"ನಾನು ನಿನ್ನ ಹತ್ರ ಮಾತಾಡಲ್ಲ. ಅದನ್ನ ಹೇಳೋಕೇ ಕರೆದಿದ್ದು."

"ಹೂಂ."

"ಹೂಂ ಅಂತೆ, ಹೂಂ! ಬಾಯಲ್ಲಿ ಬೆರಳಿಟ್ಟರೆ ಕಚ್ಚಕ್ಕೆ ಬರಲ್ಲ ಅಂದುಕೊಂಡಿದ್ದೆ ನಿನಗೆ. ಅವನು ಹೊರಗೆ ತೇಲ್ತಿದ್ದಾಗ ನಾನು ಒಳಗೆ ಏನ್ ಮಾಡ್ತಿದ್ದೆ ಗೊತ್ತಾ? ಅವನಿಗೆ ಪುಟ ಓದಿ ಹೇಳ್ತಿದ್ದೆ. ಕನ್ನಡಕ ಹಾಕ್ಕೊಂಡು, ನಿಮ್ಮಜ್ಜಿ ಥರ. ಐದನೇ ಸಾಲು ಬದಲಾಯಿಸಿದ್ದಾರೆ ಕಣೇ. ನನ್ನ ಬಾಯಲ್ಲಿರೋದು ಹಳೇದು. ಅದಿರಲಿ, ಆ ಮಾತು ಬೇಡ, ನಾನು ಅದಕ್ಕೆ ಕರೆದಿಲ್ಲ. ನಾನು ಕರೆದಿದ್ದು ಬೈಯೋಕೆ. ಬಾಗಿಲು ತೆಗೆದಾಗ ಏನು ಬೆಳಕು ಬಂತು ಗೊತ್ತಾ ಒಳಗೆ? ನೀನು ನೋಡಿಲ್ಲ. ನಾನೂ ಅದರ ಚೂರೇ ನೋಡಿದ್ದು. ಆ ಚೂರಿಗೆ ನಾನು ನಿನ್ನ ಯಾವತ್ತೂ ಕ್ಷಮಿಸಲ್ಲ, ಬರೆದಿಟ್ಕೋ."

"ಹೂಂ, ಚಿಕ್ಕಮ್ಮ."

"ಮತ್ತೆ ಹೂಂ! ಇನ್ನೊಂದು ವಿಷಯ—"

ಅವಳು ಇನ್ನೊಂದು ವಿಷಯಕ್ಕೆ ಬಂದಳು, ಅದರಿಂದ ಇನ್ನೊಂದಕ್ಕೆ. ನಾನು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಹಿಂದಿನ ಮೆಟ್ಟಿಲಿಗೆ ನಡೆಯುತ್ತಲೇ ಇದ್ದೆ, ಫೋನು ಕಿವಿಗೆ ಒತ್ತಿ ಒತ್ತಿ ಕಿವಿ ಬಿಸಿಯಾಯಿತು. ಬೈಗುಳದ ನಡುವೆಯೇ ದನಿ ಕಡಿಯಿತು.

"ಏನಂದ್ಲು?" ಅಮ್ಮ ಕೇಳಿದಳು.

"ಮಾತಾಡಲ್ವಂತೆ."

"ಇಷ್ಟು ಹೊತ್ತಾ?"

ನಾನು ಫೋನನ್ನು ಅವಳಿಗೆ ತಿರುಗಿ ಕೊಡಲಿಲ್ಲ. ಮತ್ತೆ ಸಿಗ್ನಲ್ ಸಿಗುವ ಕಡೆಗೆ ನಿಲ್ದಾಣ ಬರಲು ಸ್ವಲ್ಪ ಹೊತ್ತು ಬೇಕು. ಕೂರು ಎಂದಳು ಅಮ್ಮ. ಕೂರಲಿಲ್ಲ.